ತಲುಪದ ಕೌದಿಗಳು

ಭಗವಂತರಾಯರಿಗೆ ಆ ಮನೆಯಲ್ಲಿ ಇದ್ದದ್ದು ಎರಡೇ ಕೆಲಸ. ಮಧ್ಯಾಹ್ನ ಮೂರೂವರೆಗೆ ಮೊಮ್ಮಗಳು ವೈಷ್ಣವಿಯನ್ನು ಸ್ಕೂಲಿನಿಂದ ಕರೆತರುವುದು ಒಂದು. ಹೆಂಡತಿ ಹೊಲಿದ ಕೌದಿಗಳನ್ನು ಪಾರ್ಸೆಲ್ ಕಟ್ಟಿ ಕೊರಿಯರ್ ಅಂಗಡಿಗೆ ಮುಟ್ಟಿಸುವುದು ಇನ್ನೊಂದು. ಎರಡನ್ನೂ ಅವರು ಸರ್ಕಾರಿ ಹುದ್ದೆಯ ಗತ್ತಿನಲ್ಲಿ ಮಾಡುತ್ತಿದ್ದರು. ಮೂರು ಹೊಡೆಯುವ ಮೊದಲೇ ಧೋತರ ಬದಲಿಸಿ, ಟೋಪಿ ಇಟ್ಟುಕೊಂಡು, ಬಾಗಿಲಲ್ಲಿ ನಿಂತು, "ಟೈಮ್ ಆತು" ಎಂದು ಯಾರೂ ಕೇಳದಿದ್ದರೂ ಹೇಳುವರು.

"ಆತಲ್ಲ, ಹೋಗ್ರಿ. ನಾ ಏನ್ ಹಿಡ್ಕೊಂಡೀನೇನು?" ಎಂದು ಸುಭದ್ರಮ್ಮ ಸೂಜಿಯಿಂದ ತಲೆ ಎತ್ತದೆ ಉತ್ತರಿಸುವರು.

ಹೊಸ ತಿಪ್ಪಸಂದ್ರದಲ್ಲಿ ಮುನಿಶಾಮಮ್ಮನ ಕಟ್ಟಡದ ಎರಡನೇ ಮಹಡಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಮಗ ಭೀಮಾಶಂಕರನಿಗೆ ಕೆ.ಆರ್. ಪುರಂ ಕಡೆಯ ಒಂದು ಲೇತ್ ಶೆಡ್ಡಿನಲ್ಲಿ ಕೆಲಸ. ಸೊಸೆ ರಾಜೇಶ್ವರಿ ಇಂದಿರಾನಗರದ ಬಟ್ಟೆ ಅಂಗಡಿಯೊಂದರಲ್ಲಿ ಆಲ್ಟರೇಷನ್ ಟೈಲರ್. ಸಂಜೆ ಆರರ ತನಕ ಅಲ್ಲಿಂದ ಅಲುಗುವಂತಿಲ್ಲ. ಸುಭದ್ರಮ್ಮನಿಗೆ ಮೊಣಕಾಲು ನೋವು, ಜೊತೆಗೆ ಬೆಂಗಳೂರಿನ ರಸ್ತೆ ಎಂದರೆ ಜೀವಭಯ. ಸ್ಕೂಲಿಗೂ ಮನೆಗೂ ನಡುವೆ ಇದ್ದದ್ದು ಕಾರ್ಖಾನೆ ಬಸ್ಸುಗಳು ಸಾಲುಗಟ್ಟಿ ಓಡುವ ದೊಡ್ಡ ರಸ್ತೆ. ಅದನ್ನು ಎರಡನೇ ಕ್ಲಾಸಿನ ಹುಡುಗಿಯ ಕೈಹಿಡಿದು ದಾಟಿಸಲು ಅಜ್ಜನೇ, ಅವಳ ಮುತ್ಯಾನೇ ಆಗಬೇಕು.

ಕೌದಿ ವ್ಯಾಪಾರ ಶುರುವಾದದ್ದು ಹಿಂದಿನ ವರ್ಷ, ಎರಡು ಸಾವಿರದ ಆರರಲ್ಲಿ. ರಾಜೇಶ್ವರಿಯ ಅಂಗಡಿ ಮಾಲೀಕರ ಮಗಳು ಪ್ರಿಯದರ್ಶಿನಿ ಒಂದು ಕೌದಿಯ ಫೋಟೋ ತೆಗೆದು ಕಂಪ್ಯೂಟರಿನ ಹರಾಜಿಗೆ ಹಾಕಿದಳು. ಮೂರನೇ ದಿನ ದೆಹಲಿಯ ಯಾರೋ ಅದನ್ನು ಕೊಂಡುಬಿಟ್ಟರು. ಸುಭದ್ರಮ್ಮ ಮೂಗಿನ ಮೇಲೆ ಬೆರಳಿಟ್ಟರು.

"ಹಳೇ ಸೀರಿ ಚೂರಿಗಿ ರೊಕ್ಕ ಕೊಡೋ ಮಂದಿನೂ ಇದ್ದಾರಾ? ನಮ್ಮ ಕಡಿ ಇವನ್ನ ಬಾಣಂತಿಗಿ ಹಾಸತಾರ."

"ಅವರು ಗೋಡಿಗಿ ನೇತ್ಹಾಕ್ತಾರಂತ ಅತ್ತಿ."

"ಗೋಡಿಗೇನ್ ಚಳಿ ಆಗ್ಯದಂತ?"

ಅಲ್ಲಿಂದ ರಾಜೇಶ್ವರಿ ಭಾನುವಾರಕ್ಕೊಮ್ಮೆ ಮಾರ್ಕೆಟ್ ರಸ್ತೆಯ ಸೈಬರ್ ಸೆಂಟರಿಗೆ ಹೋಗಿ ಹೊಸ ಕೌದಿಗಳನ್ನು ಹಾಕುವುದು, ಮಾರಾಟವಾದವುಗಳ ವಿಳಾಸ ಪ್ರಿಂಟ್ ತೆಗೆದು ತರುವುದು. ಮುಂದಿನದ್ದು ಭಗವಂತರಾಯರ ಇಲಾಖೆ. ಗುಲ್ಬರ್ಗಾದ ಪ್ರೆಸ್ಸೊಂದರಲ್ಲಿ ಮೂವತ್ತೆರಡು ವರ್ಷ ಪುಸ್ತಕ ಬೈಂಡ್ ಮಾಡಿದ ಕೈ ಅದು. ಕೌದಿಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಮೇಣದ ದಾರದಿಂದ ರಿಜಿಸ್ಟರು ಹೊಲಿದಂತೆ ಹೊಲಿದು, ದಪ್ಪ ಕಾಗದದ ಮೇಲೆ ಮುತ್ತಿನಂಥ ಅಕ್ಷರದಲ್ಲಿ ವಿಳಾಸ ಬರೆದು ಅಂಟಿಸುವರು. ಬಟ್ಟೆಯ ಮೇಲೇ ಬರೆದರೆ ಶಾಯಿ ಹರಡುತ್ತದೆ, ಅಂಗಡಿ ಗೋಂದು ಬಟ್ಟೆಗೆ ಹಿಡಿಯುವುದಿಲ್ಲ ಎಂದು ಅವರದೇ ತೀರ್ಪು. ಮೈದಾ ಹಿಟ್ಟು ಕುದಿಸಿದ ಅಂಟು, ಸರಿಯೇ ಆಗಬೇಕು, ಅದಕ್ಕೆ ಚಿಟಿಕೆ ಮೈಲುತುತ್ತ, ಆ ನೀಲಿ ವಿಷದ ಪುಡಿ ಬೀಳಬೇಕು. ಬೈಂಡರುಗಳ ಹಳೆಯ ಪಾಠ. ಯುಗಾದಿ ಹೊತ್ತಿಗೆ ಒಮ್ಮೆ ಕುದಿಯುವ ಸರಿ ಕೈಮೇಲೆ ಚೆಲ್ಲಿಕೊಂಡ ಮೇಲೆ, "ನೀವಿನ್ನ ಸ್ಟೋವ್ ಹತ್ರ ಬರಬ್ಯಾಡ್ರಿ" ಎಂದು ಸುಭದ್ರಮ್ಮ ಆ ಕೆಲಸ ತಮ್ಮ ಕೈಗೆ ತೆಗೆದುಕೊಂಡರು. ರಾಯರು ಮೈಲುತುತ್ತದ ಪೊಟ್ಟಣ ಒಪ್ಪಿಸಿ, ಎಷ್ಟು ಹಾಕಬೇಕೆಂದು ನಾಲ್ಕು ಸಲ ಹೇಳಿ, ಹೊರಬಂದರು.

ಜೂನ್ ಎರಡನೇ ವಾರ ಪುಣೆಯಿಂದ ದೂರು ಬಂತು. ಕೌದಿ ತಲುಪಿಲ್ಲ.

ರಾಜೇಶ್ವರಿ ಅಷ್ಟು ತಲೆಗೆ ಹಚ್ಚಿಕೊಳ್ಳಲಿಲ್ಲ. ಮಳೆಗಾಲ, ತಡವಾಗಿರಬಹುದು ಎಂದಳು. ಹತ್ತು ದಿನಕ್ಕೆ ಚೆನ್ನೈಯಿಂದ ಅದೇ ಮಾತು. ಅದಾದ ಮೂರನೇ ದಿನ ಲಖನೌದಿಂದ. ಅಂದು ಅವಳು ಊಟದ ಡಬ್ಬಿ ಕೈಯಲ್ಲಿ ಹಿಡಿದೇ ಕೊರಿಯರ್ ಅಂಗಡಿಗೆ ನುಗ್ಗಿದಳು. ಕೌಂಟರಿನಾತ ಕಂಪ್ಯೂಟರ್ ನೋಡಿದ.

"ಬುಕ್ಕಾಗಿದೆ ಮೇಡಂ. ಇಲ್ಲಿಂದ ಗೋಡೌನಿಗೆ ಹೋಗಿದೆ. ಆಮೇಲೆ ಏನೂ ತೋರಿಸ್ತಿಲ್ಲ."

"ಹಂಗಂದ್ರೆ? ಮೂರು ಪಾರ್ಸೆಲ್ ಗಾಳೀಲಿ ಹೋಯ್ತಾ?"

"ಅಡ್ರೆಸ್ ಯಾರು ಬರೀತಾರೆ?"

"ನಮ್ಮ ಮಾವ."

"ವಯಸ್ಸಾದವ್ರಲ್ವಾ? ಅಡ್ರೆಸ್ ಸರಿಯಾಗಿ ಬರ್ದಿಲ್ಲ ಅಂದ್ರೆ ನಾವೇನ್ ಮಾಡೋಕಾಗುತ್ತೆ, ಹೇಳಿ."

ಆ ಮಾತು ಅವಳ ಹಿಂದೆಯೇ ಮನೆಗೆ ಬಂತು. ಮಾವನವರು ಪ್ರತಿ ವಿಳಾಸವನ್ನೂ ಒಂದು ನೋಟ್‌ಬುಕ್ಕಿನಲ್ಲಿ ನಕಲು ಮಾಡಿ ಇಡುತ್ತಿದ್ದರು. ಅವರು ಸ್ನಾನಕ್ಕೆ ಹೋದಾಗ ರಾಜೇಶ್ವರಿ ಅದನ್ನು ತೆಗೆದು ಪ್ರಿಂಟಿನೊಡನೆ ತಾಳೆ ನೋಡಿದಳು. ಪುಣೆ ಸರಿ, ಚೆನ್ನೈ ಸರಿ. ಲಖನೌದ ಪಿನ್ ಕೋಡು ಎರಡು ಎರಡು ಆರು ಎಂದು ಶುರುವಾಗಬೇಕಿತ್ತು. ಇಲ್ಲಿ ಎರಡು ಆರು ಎರಡು ಎಂದಿತ್ತು. ಅವಳಿಗೆ ಹೆದರಿಕೆಯಾಯಿತು. ಕೌದಿ ಹೋದದ್ದಕ್ಕಲ್ಲ. ಅದೇ ಕೈ ಹಿಡಿದು ದಿನವೂ ತನ್ನ ಮಗಳು ರಸ್ತೆ ದಾಟುತ್ತಾಳೆ ಎಂಬುದು ನೆನಪಾಗಿ.

ಅಂದು ರೊಟ್ಟಿ, ಪುಂಡಿಪಲ್ಯ. ಭೀಮಾಶಂಕರ ಎರಡನೇ ರೊಟ್ಟಿ ಮುರಿಯುವಾಗ ವಿಷಯ ತೆಗೆದ.

"ಅಪ್ಪ, ಲಖನೌ ಪಿನ್ ಕೋಡ್ ತಪ್ಪಾಗ್ಯದ."

"ಆಗಂಗಿಲ್ಲ."

"ಆಗ್ಯದ. ನೋಡು." ನೋಟ್‌ಬುಕ್ ಮುಂದಿಟ್ಟ.

ಭಗವಂತರಾಯರು ಕನ್ನಡಕ ಹಾಕಿಕೊಂಡು ನೋಡಿದರು, ಪ್ರಿಂಟನ್ನೂ ನೋಡಿದರು. ಬಹಳ ಹೊತ್ತು ನೋಡಿದರು. "ಹೌದಲ್ಲ" ಎಂದರು ಕೊನೆಗೆ, ಸಣ್ಣ ದನಿಯಲ್ಲಿ. "ಒಂದು ಅಂಕಿ ಹಿಂದ ಮುಂದ ಆಗ್ಯದ. ಒಂದಽ."

"ದೊಡ್ಡಪ್ಪಗೂ ಹಿಂಗೇ ಒಂದರಿಂದ ಸುರು ಆಗಿತ್ತು."

ಸುಭದ್ರಮ್ಮ ಪಲ್ಯದ ಸೌಟು ಅಲ್ಲೇ ನಿಲ್ಲಿಸಿದರು. ರಾಯರ ಅಣ್ಣನಿಗೆ ಅರವತ್ತೈದಕ್ಕೇ ಮರೆವು ಹತ್ತಿತ್ತು. ಮೊದಲು ಕೀಲಿಕೈ ಮರೆತರು, ಆಮೇಲೆ ಉಂಡದ್ದು ಮರೆತರು, ಒಂದು ದಿನ ಗುಲ್ಬರ್ಗಾ ಬಸ್ ಸ್ಟ್ಯಾಂಡಿಗೆ ಹೋದವರು ಮೂರು ದಿನದ ಮೇಲೆ ಹುಮನಾಬಾದಿನಲ್ಲಿ ಸಿಕ್ಕರು, ಕಾಲಲ್ಲಿ ಚಪ್ಪಲಿ ಇಲ್ಲದೆ. ಆ ಮನೆಯಲ್ಲಿ ಆ ಮಾತನ್ನು ಯಾರೂ ಸುಮ್ಮನೆ ಎತ್ತುತ್ತಿರಲಿಲ್ಲ.

"ಹಂಗೆಲ್ಲ ಅನಬ್ಯಾಡ ಭೀಮು," ಎಂದರು ಸುಭದ್ರಮ್ಮ.

"ಅನ್ನಬಾರದು ಅಂದ್ರ ಆಗಂಗಿಲ್ಲೇನವ್ವಾ? ಮೊನ್ನೆ ಛತ್ರಿ ಎಲ್ಲಿ ಬಿಟ್ಟು ಬಂದ? ಗ್ಯಾಸಿನವ್ನಿಗಿ ಎರಡು ಸಲ ಚಾ ಮಾಡಿಸ್ದ. ನಾಳಿಂದ ವೈಷ್ಣವಿನ ಕೆಳಗಿನ ಮುನಿಶಾಮಮ್ಮನ ಸೊಸಿ ಸ್ಕೂಟರ್ ಮ್ಯಾಲ ಕರ್ಕೊಂಡ್ ಬರ್ತಾಳ. ಮಾತಾಡೀನಿ."

"ಏ! ಪಿನ್ ಕೋಡ್ ತಪ್ಪಿದ್ರ ಕೂಸು ತಪ್ಪತದೇನೋ?" ರಾಯರ ದನಿ ಏರಿತು.

ಅದಕ್ಕೆ ಉತ್ತರ ಕೊಟ್ಟವಳು ರಾಜೇಶ್ವರಿ. ಅವಳು ಮಾವನೆದುರು ಹೆಚ್ಚು ಮಾತಾಡುವವಳಲ್ಲ. "ಕೌದಿ ಕಳದ್ರ ರೊಕ್ಕ ವಾಪಸ್ ಕೊಡಬಹುದು, ಮಾವ," ಎಂದಳು, ತಟ್ಟೆ ನೋಡುತ್ತ.

ವೈಷ್ಣವಿ, "ಮುತ್ಯಾ ಬರಲ್ವಾ? ನಂಗೆ ಸ್ಕೂಟರ್ ಬೇಡ, ಆ ಆಂಟಿ ಬೈತಾರೆ," ಎಂದು ಬೆಂಗಳೂರು ಕನ್ನಡದಲ್ಲಿ ರಾಗ ಎಳೆದು, ಅಪ್ಪನ ಕಣ್ಣು ನೋಡಿ ಬಾಯಿ ಮುಚ್ಚಿದಳು.

ಮಾರನೆಯ ದಿನದಿಂದ ವಿಳಾಸವನ್ನೂ ರಾಜೇಶ್ವರಿಯೇ ಬರೆಯತೊಡಗಿದಳು. ದೊಡ್ಡ ದೊಡ್ಡ ಇಂಗ್ಲಿಷ್ ಅಕ್ಷರ, ಎರಡೆರಡು ಸಲ ತಾಳೆ. ರಾಯರಿಗೆ ಉಳಿದದ್ದು ಹೊಲಿಯುವುದು, ಅಂಟಿಸುವುದು, ಕೊಟ್ಟು ರಸೀದಿ ತರುವುದು. ಅವರು ಜಗಳ ಮಾಡಲಿಲ್ಲ. ಜಗಳ ಮಾಡಿದ್ದರೆ ಮನೆಯವರಿಗೆ ಎಷ್ಟೋ ಹಗುರಾಗುತ್ತಿತ್ತು. ಮೂರು ಗಂಟೆಗೆ ಎಂದಿನಂತೆ ಧೋತರ ಬದಲಿಸುವರು, ಟೋಪಿ ಇಡುವರು, ಬಾಗಿಲ ತನಕ ಹೋಗಿ ನಿಲ್ಲುವರು. "ಟೈಮ್ ಆತು" ಎನ್ನುವುದಿಲ್ಲ, ಅಷ್ಟೇ.

ಹೆಂಡತಿಯನ್ನು ಮಾತ್ರ ಒಂದೊಂದು ಸಲ ವಿಚಿತ್ರ ಪ್ರಶ್ನೆ ಕೇಳುತ್ತಿದ್ದರು.

"ಸುಭದ್ರಾ, ಇವತ್ತ ಸೋಮವಾರ ಅಲ್ಲ?"

"ಹೌದ್ರಿ."

"ನಾ ಗುಳಿಗಿ ತಗೊಂಡೀನಿ ಅಲ್ಲ?"

"ನನ್ನ ಎದುರಿಗೇ ನುಂಗಿದ್ರಿ. ಯಾಕ ಹಿಂಗ ಕೇಳ್ತೀರಿ?"

"ಸುಮ್ನ. ಸರಿ ಅದ ಇಲ್ಲ ನೋಡ್ಕೊಂಡೆ."

ಸುಭದ್ರಮ್ಮನಿಗೆ ಸೂಜಿ ಬೆರಳಿಗೆ ಚುಚ್ಚಿತು. ನಲವತ್ತು ವರ್ಷದಲ್ಲಿ ಈ ಮನುಷ್ಯ ಯಾವುದನ್ನೂ ಹೆಂಡತಿಯ ಬಳಿ ಕೇಳಿ ಖಚಿತ ಮಾಡಿಕೊಂಡದ್ದಿಲ್ಲ. ತಪ್ಪಿದ್ದರೂ ಗಟ್ಟಿಯಾಗಿಯೇ ತಪ್ಪಿದವರು.

ಜುಲೈ ಮೊದಲ ವಾರ ಬಾಡಿಗೆ ಕೊಡಲು ಕೆಳಗಿಳಿದಾಗ ಮುನಿಶಾಮಮ್ಮ ರಾಜೇಶ್ವರಿಯನ್ನು ತಡೆದಳು.

"ಏನಮ್ಮಾ, ನಿಮ್ ಮಾವ ದಿನಾ ಸ್ಕೂಲ್ ಎದುರ್ಗಡೆ ನಿಂತಿರ್ತಾರಂತೆ? ನನ್ ಸೊಸೆ ಹೇಳಿದ್ಳು. ಮಗೂನ ಕರ್ಕೊಂಡೋಗೋಕೆ ಅಂತ ಮರ್ತು ಬಂದ್ಬಿಡ್ತಾರೇನೋ ಪಾಪ. ಯಾವ್ದಾದ್ರೂ ಡಾಕ್ಟ್ರಿಗೆ ತೋರಿಸ್ಬಾರ್ದಾ?"

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಅಜ್ಜ ಮೊಮ್ಮಗಳನ್ನು ದೂರದಿಂದ ನೋಡಲು ಹೋಗಿರಬಹುದು ಎಂದು ಆ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಭೀಮಾಶಂಕರ ಶೆಡ್ಡಿನ ಗೆಳೆಯರಲ್ಲಿ ವಿಚಾರಿಸಿ ಒಬ್ಬ ನರರೋಗದ ಡಾಕ್ಟರ ವಿಳಾಸ ತಂದ. ಒಬ್ಬರೇ ಹೊರಗೆ ಹೋಗುವುದು ಬೇಡ, ಕೊರಿಯರಿಗೂ ಬೇಡ ಎಂದಾಯಿತು. ರಾಯರು ತಲೆಯಾಡಿಸಿದರು. ಆಮೇಲೆ ಒಂದು ಚೀಟಿಯ ಮೇಲೆ ಮನೆಯ ವಿಳಾಸ, ಮಗನ ಮೊಬೈಲ್ ನಂಬರು ಬರೆದು ಅಂಗಿಯ ಜೇಬಿನಲ್ಲಿಟ್ಟುಕೊಂಡರು. ಯಾರೂ ಹೇಳಿರಲಿಲ್ಲ. ತಾವೇ ಇಟ್ಟುಕೊಂಡರು.

ಅದೇ ಭಾನುವಾರ ಸೈಬರ್ ಸೆಂಟರಿನಲ್ಲಿ ರಾಜೇಶ್ವರಿ ಎರಡು ಹೊಸ ದೂರು ಓದಿದಳು. ನಾಗಪುರದ್ದು ಒಂದು, ಕೊಲ್ಕತ್ತಾದ್ದು ಒಂದು. ಎರಡೂ ತಲುಪಿಲ್ಲ. ಇನ್ನೊಂದು ದೂರು ಬಂದರೆ ಖಾತೆ ಮುಚ್ಚುತ್ತೇವೆಂದು ಹರಾಜಿನವರ ಎಚ್ಚರಿಕೆ ಬೇರೆ. ಅವಳು ಎಚ್ಚರಿಕೆಯನ್ನು ಅರ್ಧಕ್ಕೇ ಬಿಟ್ಟು ಮತ್ತೆ ಆ ಎರಡು ಊರುಗಳ ಹೆಸರು ನೋಡಿದಳು. ಎರಡೂ ಅವಳೇ ಬರೆದ ವಿಳಾಸ, ಎರಡೆರಡು ಸಲ ತಾಳೆ ನೋಡಿದ್ದು.

ಹಾಗಾದರೆ ತಪ್ಪು ಮಾವನದ್ದಾಗಿರಲಿಲ್ಲ.

ಅವಳು ಗಂಡನಿಗೆ ಹೇಳಿದಳು. "ಇರಲಿ, ಈಗ ಮನ್ಯಾಗ ಎತ್ತಬ್ಯಾಡ. ಮೊದಲ ಡಾಕ್ಟರ್ ನೋಡ್ಲಿ," ಎಂದ ಅವನು. ಅವನಿಗೂ ಮುಖ ಎಲ್ಲಿಡಬೇಕೋ ತಿಳಿದಿರಲಿಲ್ಲ. ರಾಜೇಶ್ವರಿ ನಾಳೆ ಹೇಳೋಣ, ನಾಡಿದ್ದು ಹೇಳೋಣ ಎಂದು ಎರಡು ವಾರ ತಳ್ಳಿದಳು. ಮಾವ ಮಂಡಕ್ಕಿ ಸುಸಲಾದ ತಟ್ಟೆ ಕೈಗೆ ತೆಗೆದುಕೊಂಡು, "ಇದಕ್ಕ ಉಪ್ಪು ನಾ ಹಾಕ್ಕೊಂಡೀನೇನವ್ವ?" ಎಂದು ಕೇಳಿದಾಗಲೆಲ್ಲ ಅವಳು ಏನೋ ಕೆಲಸವಿದ್ದಂತೆ ಒಳಗೆ ಸರಿಯುತ್ತಿದ್ದಳು. ದೊಡ್ಡವರ ಮುಂದೆ ತಪ್ಪಾಯಿತು ಎನ್ನುವುದು ಸುಲಭವಲ್ಲ. ಅದರಲ್ಲೂ ಅವರು ಬೈಯದೆ ಸುಮ್ಮನಿದ್ದರೆ.

ಅವಳು ತಂದಿಟ್ಟಿದ್ದ ಆ ದೂರುಗಳ ಪ್ರಿಂಟು ರಾಯರ ಕೈಗೆ ಸಿಕ್ಕಿದ್ದು ವೈಷ್ಣವಿಯಿಂದ. ಅವಳು ಅದರ ಹಿಂಬದಿಯಲ್ಲಿ ಆನೆ ಬಿಡಿಸಿ ಮುತ್ಯಾನಿಗೆ ತೋರಿಸಲು ತಂದಿದ್ದಳು. ರಾಯರು ಆನೆಯನ್ನು ಹೊಗಳಿ, ಹಾಳೆ ತಿರುಗಿಸಿದರು. ಅವರಿಗೆ ಇಂಗ್ಲಿಷ್ ನಿಧಾನ; ಆದರೆ ಊರಿನ ಹೆಸರು ಓದಬಲ್ಲರು, ತಲುಪಿಲ್ಲ ಎಂಬ ಎರಡು ಪದವನ್ನೂ ಓದಬಲ್ಲರು. ನಾಗಪುರ, ಕೊಲ್ಕತ್ತಾ. ಎರಡನ್ನೂ ಅಂಟಿಸಿದ್ದು ತಾವು, ಬರೆದದ್ದು ಸೊಸೆ.

ಮಾರನೆಯ ದಿನ ಬೆಳಿಗ್ಗೆ ಹತ್ತಕ್ಕೆ ಸುಭದ್ರಮ್ಮ ಬಟ್ಟೆ ಒಣಹಾಕಿ ಬಂದಾಗ ಮನೆಯಲ್ಲಿ ಗಂಡ ಇರಲಿಲ್ಲ.

ಮೊದಲು ಪಾಯಖಾನೆ ನೋಡಿದರು. ಆಮೇಲೆ ಮಾಳಿಗೆ. ಮೊಣಕಾಲು ಹಿಡಿದುಕೊಂಡು ಕೆಳಗಿಳಿದು ಮುನಿಶಾಮಮ್ಮನ ಬಾಗಿಲು ಬಡಿದರು. ಮುನಿಶಾಮಮ್ಮನ ಫೋನಿನಿಂದ ರಾಜೇಶ್ವರಿಯ ಅಂಗಡಿಗೆ ಸುದ್ದಿ ಹೋಯಿತು, ಅಲ್ಲಿಂದ ಭೀಮಾಶಂಕರನಿಗೆ. ಹನ್ನೆರಡೂವರೆಗೆ ಮಗ ಸೊಸೆ ಇಬ್ಬರೂ ಮನೆಯಲ್ಲಿದ್ದರು. ಕೊರಿಯರ್ ಕೌಂಟರಿನಾತ ಊಟಕ್ಕೆ ಹೋಗಿದ್ದ, ಅಂಗಡಿಗೆ ಬೀಗ. ಸ್ಕೂಲಿನ ಎದುರು ಇಲ್ಲ. ಪಾರ್ಕಿನಲ್ಲಿಲ್ಲ. ಭೀಮಾಶಂಕರ ಗೆಳೆಯನ ಬೈಕು ಇಸಿದುಕೊಂಡು ಜೀವನ್ ಬಿಮಾ ನಗರ, ದೊಮ್ಮಲೂರು, ಹಲಸೂರಿನ ತನಕ ಸುತ್ತಿ, ಮಳೆಗೆ ಒದ್ದೆಯಾಗಿ ಹಿಂದಿರುಗಿದ.

"ನೀನೇ ಅಂದ್ಯಲ್ಲೋ, ದೊಡ್ಡಪ್ಪನಂಗ ಅಂತ! ನಿನ್ನ ಬಾಯಿಂದೇ ಬಂತು!" ಸುಭದ್ರಮ್ಮ ಮಗನ ಎದೆಗೆ ಗುದ್ದಿದರು.

"ಅವ್ವಾ, ನೀ ಏನ್ ಮಾಡ್ಲಾಕತ್ತಿದ್ದಿ? ಒಬ್ಬನ್ನೇ ಬಿಡಬ್ಯಾಡ ಅಂತ ಹೇಳಿದ್ದಿಲ್ಲೇನು?"

"ಬಟ್ಟಿ ಒಣಹಾಕ್ಬಾರದೇನು? ಮನುಷ್ಯಾನ ದನದಂಗ ಕಟ್ಟಿಹಾಕ್ಲೇನು?"

ರಾಜೇಶ್ವರಿ ಗೋಡೆಗೆ ಒರಗಿ ಕೂತಿದ್ದಳು. "ಅವರಿಗಿ ಏನೂ ಆಗಿಲ್ಲ," ಎಂದಳು ಇದ್ದಕ್ಕಿದ್ದಂತೆ. "ಅತ್ತಿ, ಮಾವಗ ಏನೂ ಆಗಿಲ್ಲ. ನಾ ಬರ್ದ ಪಾರ್ಸೆಲ್ಲೂ ಕಳದಾವ. ನನಗ ಗೊತ್ತಾಗಿ ಎರಡು ವಾರ ಆತು."

ಸುಭದ್ರಮ್ಮ ಸೊಸೆಯನ್ನು ನೋಡಿದರು. "ಎರಡು ವಾರ," ಎಂದರು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ನಾಲ್ಕು ಗಂಟೆಗೆ ವೈಷ್ಣವಿ ಸ್ಕೂಟರಿನಿಂದ ಇಳಿದು ಮೇಲೆ ಬಂದು, "ಇವತ್ತೂ ಮುತ್ಯಾ ಎದುರ್ಗಡೆ ನಿಂತಿರ್ಲಿಲ್ಲ. ಮೊದ್ಲು ದಿನಾ ಕೈ ಮಾಡ್ತಿದ್ರು," ಎಂದಳು. ಭೀಮಾಶಂಕರ ಪೊಲೀಸ್ ಸ್ಟೇಷನ್ನಿಗೆ ಕೊಡಲು ಒಂದು ಫೋಟೋ ಹುಡುಕುತ್ತಿದ್ದ. ಟೋಪಿ ಇಟ್ಟದ್ದು ಬೇಕೋ ಇಲ್ಲದ್ದು ಬೇಕೋ ಎಂದು ಕೇಳಿ, ತಾನೇ ಅತ್ತುಬಿಟ್ಟ.

ಐದೂಕಾಲಿಗೆ ಕೆಳಗೆ ಒಂದು ವ್ಯಾನು ನಿಂತಿತು. ಮೊದಲು ಇಳಿದದ್ದು ಭಗವಂತರಾಯರು, ಕಂಕುಳಲ್ಲಿ ಒಂದು ಬಿಳಿ ಗಂಟು. ಹಿಂದೆ ಖಾಕಿ ಅಂಗಿಯ ಮಧ್ಯವಯಸ್ಸಿನ ಒಬ್ಬಾತ ನಾಲ್ಕು ಗಂಟು ಹೊತ್ತು ಮೆಟ್ಟಿಲು ಹತ್ತಿದ. ಅಹ್ಮದ್ ಪಾಷಾ, ಕೊರಿಯರ್ ಗೋಡೌನಿನ ಮೇಸ್ತ್ರಿ.

"ಎಲ್ಲಿ ಹೋಗಿದ್ದಿ ಅಪ್ಪಾ!" ಭೀಮಾಶಂಕರ ಕಿರುಚಿದ.

"ಕೊರಿಯರ್ ಗೋಡೌನಿಗಿ, ರಸೀದಿ ಮ್ಯಾಲ ವಿಳಾಸ ಇತ್ತು. ನಿನ್ನ ಶೆಡ್ಡಿನಿಂದ ಎರಡು ಸ್ಟಾಪ್ ಆಚಿ. ಟಿನ್ ಫ್ಯಾಕ್ಟರಿ ದಾಟಿ. ನೀರು ಕೊಡ್ರಿ ಮೊದಲ, ಇವರಿಗಿ ಕೊಡ್ರಿ."

ಅಹ್ಮದ್ ಪಾಷಾ ನೀರು ಕುಡಿದು ಕೂತ. "ಚಾಚಾ ಹನ್ನೊಂದು ಗಂಟೆಗೇ ಬಂದ್ಬಿಟ್ರು ಅಮ್ಮಾ. ಐದು ರಸೀದಿ ಮುಂದೆ ಇಟ್ಟು, ನಮ್ಮ ಮಾತಲ್ಲೇ ಕೇಳಿದ್ರು, 'ಕಹಾಂ ಗಯಾ ಬೋಲೋ ಮಿಯಾ', ಎಲ್ಲಿ ಹೋಯ್ತು ಹೇಳು ಅಂತ. ನಾನು ಹೇಳ್ದೆ, ಚಾಚಾ, ಹೆಸ್ರಿಲ್ಲದ ಪಾರ್ಸೆಲ್ ಒಂದು ಮೂಲೆ ತುಂಬ ಬಿದ್ದಿದೆ, ಯಾವ್ದು ಯಾರ್ದು ಅಂತ ಹೇಗೆ ಹುಡುಕ್ಲಿ? ಇವ್ರು, 'ನನ್ನ ಹೊಲಿಗಿ ನನಗ ಗೊತ್ತು' ಅಂತ ಹೇಳಿ ಮೂರು ಗಂಟೆ ಆ ಧೂಳಲ್ಲಿ ಕೂತು ಒಂದೊಂದೇ ತೆಗೆದ್ರು. ಕಸಂ ಸೇ, ಐದಕ್ಕೆ ಐದೂ ಸಿಕ್ತು."

ರಾಜೇಶ್ವರಿ ಒಂದು ಗಂಟನ್ನು ಮಡಿಲಿಗೆ ಎಳೆದುಕೊಂಡಳು. ಹೊಲಿಗೆ ಬಿಗಿಯಾಗಿತ್ತು, ಒಳಗಿನ ಕೌದಿಗೆ ಏನೂ ಆಗಿರಲಿಲ್ಲ. ವಿಳಾಸದ ಕಾಗದ ಇದ್ದ ಜಾಗದಲ್ಲಿ ಮಾತ್ರ ಬೋಳು ಬಟ್ಟೆ, ಸುತ್ತ ಹಲ್ಲಿನ ಗುರುತು, ಅಲ್ಲಲ್ಲಿ ಒಂದು ಚೂರು ಕಾಗದ.

"ಇಲಿ ತಿಂದಾವ," ಎಂದರು ರಾಯರು. "ಕಾಗದ ಅಲ್ಲ, ಅದರ ಹಿಂದಿನ ಸರಿ. ಸರಿ ಸಲುವಾಗಿ ಕಾಗದನೂ ತಿಂದಾವ. ಕೊರಿಯರ್ನವರ ನಂಬರೂ ಅದರ ಮ್ಯಾಲೇ ಇತ್ತು, ಅದೂ ಹೋತು. ಬ್ಯಾರೆಯವರ ಪಾರ್ಸೆಲ್ ಇಲಿ ಮುಟ್ಟಿಲ್ಲ. ನಮ್ಮವೇ ಆರಿಸಿ ತಿಂದಾವ." ಅವರು ಹೆಂಡತಿಯ ಕಡೆ ತಿರುಗಿದರು. "ಮೈಲುತುತ್ತ ಬಿದ್ದ ಸರಿನ ಇಲಿ ಮೂಸಿನೂ ನೋಡಂಗಿಲ್ಲ. ಸುಭದ್ರಾ, ಹಾಕಿದ್ದಿ ಅಲ್ಲ? ನಾ ನೀಲಿ ಬಣ್ಣ ನೋಡೀನಿ. ನೋಡೀನಿ ಅಂತ ನನಗ ನೆನಪದ. ಇಲ್ಲ ಅದೂ ನನ್ನ ಭ್ರಮಿ ಏನು?"

ಆ ಕೊನೆಯ ಪ್ರಶ್ನೆಯನ್ನು ಅವರು ನಿಜವಾಗಿಯೇ ಕೇಳಿದ್ದರು. ಸುಭದ್ರಮ್ಮನ ಕೈ ಸೆರಗಿಗೆ ಹೋಯಿತು.

"ಭ್ರಮಿ ಅಲ್ರಿ. ನೀಲಿನೇ ಇತ್ತು." ಸೆರಗಿನ ತುದಿ ಬೆರಳಿಗೆ ಸುತ್ತಿದರು. "ಮೈಲುತುತ್ತ ಹಾಕಿದ್ದಿಲ್ಲ. ಕೂಸು ಒಂದಿನ ಸರಿ ಡಬ್ಬ್ಯಾಗ ಬೆರಳು ಅದ್ದಿ ನೆಕ್ಕಿತು. ನನ್ನ ಜೀವಾನೇ ಹೋತು. ನಿಮಗ ಹೇಳಿದ್ರ ಬೈಂಡರ್ ಶಾಸ್ತ್ರ ಹೇಳ್ತೀರಿ ಅಂತ, ಪೊಟ್ಟಣ ಕಸಕ್ಕ ಒಗದು, ಬಟ್ಟಿಗಿ ಹಾಕೋ ನೀಲಿ ಎರಡು ಹನಿ ಹಾಕ್ಲಾಕತ್ತೆ. ನಿಮಗ ಗೊತ್ತಾಗಬಾರದು ಅಂತ."

"ಯಾವಾಗಿಂದ?"

"ಮೇ ತಿಂಗಳಿಂದ."

ಅಹ್ಮದ್ ಪಾಷಾನಿಗೆ ಮೊದಲು ನಗು ಬಂತು. ನಕ್ಕವನು ಒಬ್ಬನೇ ಎಂದು ತಿಳಿದು, ಗ್ಲಾಸು ಕೆಳಗಿಟ್ಟು, ವ್ಯಾನು ಅಡ್ಡ ನಿಂತಿದೆ ಎಂದು ಎದ್ದ.

ಭಗವಂತರಾಯರು ಹೆಂಡತಿಯನ್ನು ನೋಡಿದರು. ಸಿಟ್ಟು ಬಂದದ್ದು ಮುಖದಲ್ಲಿ ಕಂಡಿತು, ಹೋದದ್ದೂ ಕಂಡಿತು. "ಕೂಸು ನೆಕ್ಕಿತ್ತಂದ್ರ ನೀ ಒಗದಿದ್ದು ಛಲೋನೇ ಆತು," ಎಂದರು. "ಆದ್ರ ನನಗ ಒಂದು ಮಾತು ಹೇಳಬೇಕಾಗಿತ್ತು, ಸುಭದ್ರಾ. ಒಂದು ತಿಂಗಳು ನಾ ಹಾಸಿಗಿ ಮ್ಯಾಲ ಎದ್ದ ಕೂಡ್ಲೇ ನನ್ನ ಹೆಸರು ನನಗ ಹೇಳ್ಕೊಂಡು ನೋಡೀನಿ."

ಸುಭದ್ರಮ್ಮ ಅತ್ತರು. ಭೀಮಾಶಂಕರ ಅಪ್ಪನ ಎದುರು ಕುಕ್ಕರುಗಾಲಲ್ಲಿ ಕೂತ. "ತಪ್ಪಾತಪ್ಪ. ನಾಳಿಂದ ವೈಷ್ಣವಿನ ನೀನೇ ಕರ್ಕೊಂಡ್ ಬಾ. ಡಾಕ್ಟರ್ ಗೀಕ್ಟರ್ ಏನೂ ಬ್ಯಾಡ."

"ಬ್ಯಾಡ," ಎಂದರು ರಾಯರು.

"ಸಿಟ್ಟೇನು?"

"ಸಿಟ್ಟಲ್ಲಪ್ಪ. ಅಂಜಿಕಿ. ಇವತ್ತ ಟಿನ್ ಫ್ಯಾಕ್ಟರಿ ಹತ್ರ ರಸ್ತಾ ದಾಟ್ಲಾಕ ಅರ್ಧ ತಾಸು ನಿಂತೆ. ಕಾಲು ಇಡಬೇಕು ಅನ್ನೋದ್ರಾಗ, ಬಸ್ ಇಲ್ಲ ಅಂತ ನಾ ನೋಡಿದ್ದು ಖರೇನೋ ಸುಳ್ಳೋ ಅನಿಸ್ತಿತ್ತು. ಮೊದಲ ಹಿಂಗ ಇರ್ಲಿಲ್ಲ. ನೀವೆಲ್ಲಾ ನನ್ನ ಹ್ಯಾಂಗ ನೋಡಿದ್ರಿ, ನಾನೂ ನನ್ನ ಹಂಗೇ ನೋಡೋದು ಕಲ್ತೀನಿ. ಆ ಹುಡುಗಿ ಸ್ಕೂಟರ್ ಮ್ಯಾಲೇ ಬರ್ಲಿ."

ಹೊಸದಾಗಿ ವಿಳಾಸ ಬರೆದ ಕಾಗದವನ್ನು ದಾರದಿಂದಲೇ ಹೊಲಿದು ಕೌದಿಗಳನ್ನು ಮತ್ತೆ ಕಳಿಸಿದ್ದಾಯಿತು. ಪುಣೆಯವರು, ಚೆನ್ನೈಯವರು ಸಿಕ್ಕಿತೆಂದು ಬರೆದರು. ಖಾತೆ ಉಳಿಯಿತು. ಇಲಿಗೆ ಉಪವಾಸವಾಯಿತು ಎಂದು ಭೀಮಾಶಂಕರ ನಗಿಸಲು ನೋಡಿದ. ರಾಯರು ನಕ್ಕರು ಕೂಡ. ಆದರೆ ಮೂರು ಗಂಟೆಗೆ ಧೋತರ ಬದಲಿಸುವುದನ್ನು ಬಿಟ್ಟರು. ಗೋಡೆ ಕಡೆ ಮುಖ ಮಾಡಿ ಮಲಗುವರು. ಒಂದು ವಾರ ನೋಡಿದ ರಾಜೇಶ್ವರಿ ಶುಕ್ರವಾರ ಅಂಗಡಿಯಲ್ಲಿ ಅರ್ಧ ದಿನದ ರಜೆ ಹೇಳಿ ಮನೆಗೆ ಬಂದಳು.

"ಮಾವ, ಏಳ್ರಿ. ಟೈಮ್ ಆತು."

"ನೀ ಬಂದೀಯಲ್ಲವ್ವ, ನೀನೇ ಹೋಗು."

"ಇಬ್ಬರೂ ಹೋಗೋಣ."

ಸ್ಕೂಲಿನ ಗೇಟಿನ ಬಳಿ ರಾಜೇಶ್ವರಿ ನಿಂತಳು.

"ತಪ್ಪು ನಿಮ್ಮದಲ್ಲ ಅಂತ ನನಗ ಎರಡು ವಾರ ಮೊದಲೇ ಗೊತ್ತಾಗಿತ್ತು. ನಾ ಹೇಳ್ಲಿಲ್ಲ, ಮಾವ."

"ನಾಗಪುರ, ಕೊಲ್ಕತ್ತಾ," ಎಂದರು ರಾಯರು. "ನಿನ್ನ ಅಕ್ಷರ ನನಗ ಗೊತ್ತಿಲ್ಲೇನು? ಬಿಡು. ನಿನ್ನ ಜಾಗದಾಗ ನಾ ಇದ್ರೂ ಕೂಸಿನ ವಿಷಯದಾಗ ಅಂಜತಿದ್ದೆ."

"ಈಗೂ ಅಂಜಿಕಿ ಅದ," ಎಂದಳು ಅವಳು. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

ಗಂಟೆ ಹೊಡೆಯಿತು. ವೈಷ್ಣವಿ ಓಡಿ ಬಂದಳು, ಇಬ್ಬರನ್ನೂ ನೋಡಿ ಯಾರ ಬಳಿ ಹೋಗಬೇಕೆಂದು ಒಂದು ಗಳಿಗೆ ತಿಳಿಯದೆ ನಿಂತಳು. ರಾಜೇಶ್ವರಿ ಅವಳ ಬ್ಯಾಗು ತೆಗೆದುಕೊಂಡು, ಅವಳ ಕೈಯನ್ನು ಮಾವನ ಕೈಯಲ್ಲಿಟ್ಟಳು. "ನಾ ಆಚಿ ಕಡಿ ಇರ್ತೀನಿ," ಎಂದು, ಅವರು ಬೇಡವೆನ್ನುವ ಮೊದಲೇ ಒಬ್ಬಳೇ ರಸ್ತೆ ದಾಟಿಬಿಟ್ಟಳು.

ಆಚೆ ಬದಿಯಲ್ಲಿ ಬಾಳೆಹಣ್ಣಿನ ಗಾಡಿ. ಅವಳು ರಸ್ತೆಗೆ ಬೆನ್ನು ಹಾಕಿ ಹಣ್ಣು ನೋಡುತ್ತ ನಿಂತಳು. ಕಾರ್ಖಾನೆಯ ಬಸ್ಸುಗಳ ಸಾಲು ಶುರುವಾಗಿತ್ತು. ಒಂದು ಹೋಯಿತು, ಇನ್ನೊಂದು ಹೋಯಿತು. ಗಾಡಿಯವನು, "ಎಷ್ಟ್ ಕೊಡ್ಲಕ್ಕಾ?" ಎಂದ. ಅವಳಿಗೆ ಕೇಳಿಸಲಿಲ್ಲ. ಹಿಂದೆ ಹಾರ್ನು ಜೋರಾಗಿ ಕೂಗಿತು, ಬ್ರೇಕು ಕಿರುಗುಟ್ಟಿತು. ಅವಳು ಗಾಡಿಯ ಅಂಚು ಗಟ್ಟಿಯಾಗಿ ಹಿಡಿದಳು. ತಿರುಗಿ ನೋಡಿದರೆ ಅದನ್ನು ಮಾವ ನೋಡಿಬಿಡುತ್ತಾರೆ ಎಂದು ಅವಳು ತಿರುಗಲಿಲ್ಲ.

"ಮಮ್ಮೀ, ನೋಡು," ವೈಷ್ಣವಿಯ ದನಿ ಮಗ್ಗುಲಲ್ಲೇ ಕೇಳಿತು. "ಮುತ್ಯಾ ನನ್ ಕೈ ಎಷ್ಟ್ ಗಟ್ಟಿಯಾಗ್ ಹಿಡ್ಕೊಂಡಿದಾರೆ! ನೋಯ್ತಿದೆ."

"ನೋಯ್ಲಿ ಬಿಡು," ಎಂದರು ಭಗವಂತರಾಯರು, ಏದುಸಿರಿನಲ್ಲಿ. ಕೈ ಬಿಡಲಿಲ್ಲ.